ಸಂಘ ಕಟ್ಟುವ ಮೊದಲು

ಸ್ವಸಹಾಯ ಸಂಘ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಉಳಿತಾಯ, ಸಾಲ, ಬ್ಯಾಂಕು. ತಪ್ಪೇನಲ್ಲ. ಆದರೆ ಎಷ್ಟೋ ವರ್ಷ ಒಡೆಯದೆ ಉಳಿದ ಸಂಘಗಳನ್ನು ನೋಡಿದರೆ ಅವನ್ನು ಹಿಡಿದಿಟ್ಟದ್ದು ದುಡ್ಡೊಂದೇ ಅಲ್ಲ ಎಂಬುದು ತಿಳಿಯುತ್ತದೆ.

ಇಂಥ ಸಂಘಗಳು ಶುರುವಾದ ಬಗೆಯೂ ಇದನ್ನೇ ಹೇಳುತ್ತದೆ. 1980ರ ದಶಕದ ನಡುವಿನಲ್ಲಿ ಮೈರಾಡ ಸಂಸ್ಥೆ ಹಳ್ಳಿಗಳಲ್ಲಿ ಬೆಳೆಸಿದ್ದ ಕೆಲವು ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದವು. ಆಗ ಕೆಲ ಸದಸ್ಯರು ಸಣ್ಣ ಸಣ್ಣ ಗುಂಪಾಗಿ ಬಂದು, ಸಾಲವನ್ನು ಸಂಘಕ್ಕೆ ಕಟ್ಟುವುದಿಲ್ಲ, ಸಂಸ್ಥೆಗೇ ಕಟ್ಟುತ್ತೇವೆ ಅಂದರು. ಅದನ್ನು ನಿಮ್ಮ ಗುಂಪಿನಲ್ಲೇ ಕಟ್ಟಿಕೊಳ್ಳಿ ಎಂದು ಸಂಸ್ಥೆಯವರು ಹೇಳಿದರು. ಈ ಗುಂಪುಗಳನ್ನು ಹೊರಗಿನವರು ಯಾರೂ ಆರಿಸಿರಲಿಲ್ಲ ನೋಡಿ, ಒಬ್ಬರ ಮೇಲೊಬ್ಬರಿಗೆ ಮೊದಲೇ ನಂಬಿಕೆ ಇತ್ತು. ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿದ್ದು ಆಮೇಲೆ, 1992ರಲ್ಲಿ.

ಇದನ್ನು ಮರೆತು ನಾವು ಪೆಟ್ಟು ತಿಂದಿದ್ದೇವೆ. ಒಂದು ಊರಲ್ಲಿ ಗುರಿ ಮುಟ್ಟುವ ಅವಸರದಲ್ಲಿ ಮೇಲಿನ ಕೇರಿಯ 11 ಜನ, ಕೆಳಗಿನ ಕೇರಿಯ 9 ಜನರನ್ನು ಸೇರಿಸಿ ಇಪ್ಪತ್ತು ಮಾಡಿದೆವು. ಲೆಕ್ಕದ ಪುಸ್ತಕ ಚೊಕ್ಕವಾಗಿಯೇ ಇತ್ತು. ಬ್ಯಾಂಕ್ ಸಾಲ ಸಿಕ್ಕ ಮೇಲೆ ಸಭೆಗೆ ಬರುವವರು ಕಡಿಮೆಯಾದರು, ಕಂತು ಮಾತ್ರ ಮಕ್ಕಳ ಕೈಲಿ ಬರುತ್ತಿತ್ತು. ಕೆಳಗಿನ ಕೇರಿಯ ಸದಸ್ಯೆಯೊಬ್ಬರ ಗಂಡ ತೀರಿಕೊಂಡದ್ದು ಮೇಲಿನ ಕೇರಿಯವರಿಗೆ ಗೊತ್ತಾಗುವಾಗ ಎರಡು ವಾರ ಕಳೆದಿತ್ತು, ಅದೂ ಕಂತು ಯಾಕೆ ಬಂದಿಲ್ಲ ಅಂತ ವಿಚಾರಿಸಿದಾಗ! ಆ ತಾಯಿ ಮತ್ತೆ ಸಭೆಗೆ ಬರಲೇ ಇಲ್ಲ. ತಪ್ಪು ಊರವರದ್ದಲ್ಲ, ನಮ್ಮದು.

ಹಾಗಾಗಿ ಈಗ ನಾವು ಹೋದ ದಿನವೇ ಹೆಸರು ಬರೆದುಕೊಳ್ಳುವುದಿಲ್ಲ. ನಮ್ಮ ಕಾರ್ಯಕರ್ತೆ ಒಂದೆರಡು ತಿಂಗಳು ಮನೆಮನೆಗೆ ಹೋಗಿ ಮಾತಾಡುತ್ತಾರೆ. ಅಕ್ಕಿ ಮುಗಿದರೆ ಯಾರಲ್ಲಿ ಕೇಳುತ್ತೀರಿ? ಆಸ್ಪತ್ರೆಗೆ ಹೋಗುವಾಗ ಮಗುವನ್ನು ಯಾರ ಹತ್ತಿರ ಬಿಡುತ್ತೀರಿ? ಈ ಪ್ರಶ್ನೆಗಳಿಗೆ ಸಿಗುವ ಹೆಸರುಗಳಿಂದಲೇ ಸಂಘ ಶುರುವಾಗುತ್ತದೆ. ನಿಯಮದಂತೆ 10ರಿಂದ 20 ಜನ ಇರಬಹುದು. ನಮ್ಮ ಅನುಭವದಲ್ಲಿ 12-13 ಸಾಕು. ಚಾಪೆ ಹಾಸಿ ಸುತ್ತ ಕೂತರೆ, ಯಾರು ಬಂದಿಲ್ಲ ಅಂತ ಹಾಜರಿ ಕರೆಯದೆಯೇ ಕಾಣಬೇಕು.

ಒಂದು ತೊಡಕಿದೆ. ಯಾರ ಬಾಯಲ್ಲೂ ಹೆಸರು ಬಾರದವರು ಪ್ರತಿ ಊರಲ್ಲೂ ಇರುತ್ತಾರೆ. ಒಂಟಿ ಅಜ್ಜಿ, ಬೇರೆ ಊರಿಂದ ಕೆಲಸಕ್ಕೆ ಬಂದು ಉಳಿದವರು, ಗಂಡ ಬಿಟ್ಟುಹೋದವರು. ಪರಿಚಯಸ್ಥರೇ ಸೇರಿ ಸಂಘ ಮಾಡಿದರೆ ಹೊರಗುಳಿಯುವವರು ಇವರೇ, ಸಂಘದ ಅಗತ್ಯ ಹೆಚ್ಚಿರುವುದೂ ಇವರಿಗೇ. ಅದಕ್ಕೇ ಒಂದೆರಡು ಜಾಗ ಖಾಲಿ ಇಡಲು ಹೇಳುತ್ತೇವೆ. ಸಂಘ ಐದಾರು ತಿಂಗಳು ನಡೆದು ಗಟ್ಟಿಯಾದ ಮೇಲೆ, ಸದಸ್ಯೆಯರೇ ಇಬ್ಬರು ಹೋಗಿ ಅವರನ್ನು ಕರೆಯುತ್ತಾರೆ. ವಾರದ ಉಳಿತಾಯ ಅವರಿಗೆ ಹೆಚ್ಚಾಯಿತೆಂದರೆ ಎಲ್ಲರೂ ಕೂತು ಮೊತ್ತ ಇಳಿಸಿಕೊಳ್ಳಬಹುದು. ಕೆಲವು ಸಂಘಗಳು ಒಪ್ಪುತ್ತವೆ. ಕೆಲವು ಒಪ್ಪುವುದಿಲ್ಲ, ಅಲ್ಲಿ ನಾವು ಮತ್ತೆ ಮತ್ತೆ ಕೇಳುತ್ತಿರುತ್ತೇವೆ.

ಇನ್ನೊಂದು ರೂಢಿಯನ್ನು ಎಲ್ಲ ಸಂಘಗಳೂ ನಿರ್ಣಯ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ: ಹೇಳದೆ ಒಂದು ಸಭೆ ತಪ್ಪಿಸಿದವರ ಮನೆಗೆ ಅದೇ ಸಂಜೆ ಇಬ್ಬರು ಹೋಗಬೇಕು. ಹೋದವರು ಕಂತಿನ ಮಾತು ಎತ್ತಬಾರದು.