ಖಾಲಿ ಟಾಕಿಯ ಲೆಕ್ಕ: ಅರ್ಧ ಚಮಚ ಪೆಟ್ರೋಲ್ ಸಾಕು

ಹಳೆಯ ಮಾರುತಿ ಆಲ್ಟೊ ಕಾರಿನ ಪೆಟ್ರೋಲ್ ಟಾಕಿ ಹಿಡಿಯುವುದು 35 ಲೀಟರ್. ಸೋರುವ ತೂತಿಗೆ ಬೆಸುಗೆ ಹಾಕಿಸಲೆಂದು ಅದನ್ನು ಪೂರ್ತಿ ಬಸಿದರೂ ತಳದಲ್ಲಿ ಎರಡೂವರೆ ಮಿಲಿಲೀಟರ್ ಉಳಿದಿದ್ದರೆ ಸ್ಫೋಟಕ್ಕೆ ಬೇಕಾದದ್ದೆಲ್ಲ ಸಿದ್ಧ. ಒಂದು ಲೀಟರ್ ಪೆಟ್ರೋಲ್ ಆವಿಯಾದರೆ ಸುಮಾರು 200 ಲೀಟರ್ ಆಗುತ್ತದೆ. ಗಾಳಿಯಲ್ಲಿ ಈ ಆವಿ ಶೇ 1.4ರಿಂದ 7.6ರವರೆಗೆ ಇದ್ದಾಗ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. 35 ಲೀಟರಿನಲ್ಲಿ ಶೇ 1.4 ಅಂದರೆ ಅರ್ಧ ಲೀಟರ್ ಆವಿ, ಅಂದರೆ ಅರ್ಧ ಚಹಾ ಚಮಚ ಪೆಟ್ರೋಲ್. ತುಂಬಿದ ಟಾಕಿಯ ಒಳಗೆ ಆವಿ ಅತಿಯಾಗಿ, ಉರಿಯಲು ಬೇಕಾದ ಗಾಳಿಯೇ ಇರುವುದಿಲ್ಲ. ‘ಖಾಲಿ ಐತಿ, ಏನೂ ಆಗಂಗಿಲ್ಲ’ ಎಂಬ ಮಾತು ಗೋಕಾಕ, ಮೂಡಲಗಿ, ಹುಕ್ಕೇರಿಯ ಯಾವ ಗ್ಯಾರೇಜಿನಲ್ಲಿ ಕಿವಿಗೆ ಬಿದ್ದರೂ ಈ ಅರ್ಧ ಚಮಚ ನೆನಪಿರಲಿ.

ಗಾಡಿಯ ಕೆಳಗಿಳಿದು ಕೆಲಸ ಮಾಡುವ ಗುಂಡಿಯದು ಇನ್ನೊಂದು ಲೆಕ್ಕ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇರದೆ ಗುಂಡಿಗಿಳಿದು ಅಲ್ಲೇ ನಿಲ್ಲುತ್ತದೆ. 4 ಮೀಟರ್ ಉದ್ದ, 1 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಗುಂಡಿ ಎಂದರೆ 6,000 ಲೀಟರ್ ಗಾಳಿ. ಅದನ್ನಿಡೀ ಹೊತ್ತಿಕೊಳ್ಳುವ ಮಟ್ಟಕ್ಕೆ ತರಲು ಅರ್ಧ ಲೀಟರೂ ಬೇಡ. ಮೇಲಿನಿಂದ ಪೈಪು ಬಿಚ್ಚುವಾಗ, ಕೆಳಗೆ ತಂತಿಯ ತುದಿಗೆ ನೇತುಬಿಟ್ಟ ಬಲ್ಬು ಒಡೆದರೆ ಮುಗಿಯಿತು. ಇಂಧನದ ಕೆಲಸವನ್ನು ಗುಂಡಿಯ ಮೇಲೆ ಮಾಡಲೇಬಾರದು. ಬಯಲಲ್ಲಿ, ನೆರಳಲ್ಲಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಟ್ಟು ಮಾಡಬೇಕು.

ಬಸಿದ ಪೆಟ್ರೋಲ್ ಎಲ್ಲಿಗೆ ಹೋಗುತ್ತದೆ? ಹೆಚ್ಚಾಗಿ ಪ್ಲಾಸ್ಟಿಕ್ ಬಕೆಟ್ಟಿಗೆ. ಪೆಟ್ರೋಲ್ ಆವಿ ಹೊತ್ತಲು ಮಿಲಿಜೂಲಿನ ಕಾಲು ಭಾಗದಷ್ಟು ಶಕ್ತಿಯ ಕಿಡಿ ಸಾಕು. ಪ್ಲಾಸ್ಟಿಕ್ಕಿನಲ್ಲಿ ಹುಟ್ಟುವ ಅಷ್ಟು ಸಣ್ಣ ಸ್ಥಿರವಿದ್ಯುತ್ ಕಿಡಿ ನಮ್ಮ ಬೆರಳಿಗೆ ತಿಳಿಯುವುದೂ ಇಲ್ಲ. ಆದ್ದರಿಂದ ಮುಚ್ಚಳವಿರುವ ಲೋಹದ ಕ್ಯಾನೇ ಸರಿ. ಕಾನೂನಿನ ಒಂದು ವಿಚಿತ್ರವೂ ಇದೆ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಗಾಡಿಯ ಟಾಕಿಯಲ್ಲಿರುವ ಪೆಟ್ರೋಲಿಗೆ ಲೈಸನ್ಸ್ ಬೇಡ. ಗ್ಯಾರೇಜಿನವರು ಲೈಸನ್ಸ್ ಇಲ್ಲದೆ ಹೊರಗೆ ಇಟ್ಟುಕೊಳ್ಳುವುದಾದರೆ, ಮಾರಾಟಕ್ಕಲ್ಲದಿದ್ದರೂ, ಮಿತಿ 30 ಲೀಟರ್. ತುಂಬಿದ ಆಲ್ಟೊ ಬಸಿದರೆ ಮಿತಿ ದಾಟಿತು! ಕಾಲು ಟಾಕಿ ಇರುವಾಗ ಗಾಡಿ ತರಲು ಗಿರಾಕಿಗೆ ಹೇಳಿದರೆ ಕಾನೂನೂ ಕೆಲಸವೂ ಹಗುರ. ಪೈಪನ್ನು ಬಾಯಿಯಿಂದ ಎಳೆಯುವ ಅಭ್ಯಾಸವಂತೂ ನಿಲ್ಲಬೇಕು. ಶ್ವಾಸಕೋಶಕ್ಕಿಳಿದ ಒಂದೆರಡು ಹನಿ ಆಸ್ಪತ್ರೆಗೆ ಕಳಿಸಬಲ್ಲದು. ನುಂಗಿದವರಿಗೆ ವಾಂತಿ ಮಾಡಿಸಬಾರದು.

ಡೀಸೆಲ್‌ಗೆ ಬೆಂಕಿ ಸುಲಭವಾಗಿ ಹತ್ತದು ಎಂಬ ಧೈರ್ಯವೂ ಅರ್ಧ ಸತ್ಯ. ಭಾರತೀಯ ಮಾನಕದಂತೆ ಡೀಸೆಲ್‌ನ ಆವಿ ಹೊತ್ತುವ ಉಷ್ಣತೆ ಕನಿಷ್ಠ 35 ಡಿಗ್ರಿ ಇದ್ದರೆ ಸಾಕು. ಘಟಪ್ರಭೆಯ ದಂಡೆಯ ಏಪ್ರಿಲ್ ಮಧ್ಯಾಹ್ನಕ್ಕೆ 35 ಡಿಗ್ರಿ ಯಾವ ಲೆಕ್ಕ? ಬೆಂಕಿಗಿಂತ ದೊಡ್ಡ ಅಪಾಯ ಒತ್ತಡದ್ದು. ಹಳೆಯ ಕಾರ್ಬೊರೇಟರ್ ಗಾಡಿಯ ಪೈಪಿನಲ್ಲಿ ಒತ್ತಡ 0.3 ಬಾರ್ ಆಸುಪಾಸು, ಇಂಜೆಕ್ಷನ್ ಪೆಟ್ರೋಲ್ ಕಾರಿನಲ್ಲಿ 3ರಿಂದ 4, ಕಾಮನ್ ರೇಲ್ ಡೀಸೆಲ್‌ನಲ್ಲಿ 1,600 ಬಾರ್ ಮತ್ತು ಮೇಲೆ. ಚರ್ಮ ತೂರಿ ಒಳಹೋಗಲು 7 ಬಾರ್ ಸಾಕು. ಎಲ್ಲಿ ಸೋರುತ್ತಿದೆ ಎಂದು ಕೈಯಾಡಿಸಬೇಡಿ, ರಟ್ಟು ಹಿಡಿದು ನೋಡಿ. ಡೀಸೆಲ್ ಚುಚ್ಚಿದ ಗಾಯ ಸೂಜಿಮೊನೆಯಷ್ಟೇ ಕಂಡರೂ ಕೂಡಲೇ ಶಸ್ತ್ರವೈದ್ಯರ ಬಳಿ ಹೋಗಬೇಕು. ತಡವಾದರೆ ಬೆರಳೇ ಹೋದೀತು.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಗೆ ಹತ್ತಿರದ ಮಾತು ಇ20. ಬೆಲ್ಲದ ಬಾಗೇವಾಡಿಯ ವಿಶ್ವರಾಜ್ ಶುಗರ್ಸ್, ಹುಣಶ್ಯಾಳದ ಸತೀಶ್ ಶುಗರ್ಸ್‌ನಂಥ ಕಾರ್ಖಾನೆಗಳು ಸಕ್ಕರೆಯ ಜೊತೆ ಡಿಸ್ಟಿಲರಿಯನ್ನೂ ನಡೆಸುತ್ತವೆ. ಹೀಗೆ ಕಬ್ಬಿನ ದಾರಿಯಲ್ಲೂ ಬರುವ ಎಥನಾಲ್ ಈಗ ಬಂಕಿನ ಪೆಟ್ರೋಲಿನಲ್ಲಿ ಶೇ 20. ಅದಕ್ಕೆ ತಕ್ಕ ರಬ್ಬರ್ ಭಾಗಗಳು ಬಂದದ್ದು 2023ರ ಏಪ್ರಿಲ್‌ನಿಂದ ಈಚೆಯ ಗಾಡಿಗಳಲ್ಲಿ. ರಸ್ತೆಯಲ್ಲಿರುವ, ಗೋಕಾಕ ನೋಂದಣಿಯ ಹಳೆಯ ಕೆಎ-49 ಗಾಡಿಗಳ ಪೈಪು, ವಾಷರ್ ಉಬ್ಬಿ ಬಿರಿಯುವ ಸಂಭವ ಹೆಚ್ಚು. ಹೊಸ ಪೈಪಿಗೆ ಖರ್ಚು ಕೆಲವು ನೂರು ರೂಪಾಯಿ. ಆದರೆ ಇಂಜೆಕ್ಷನ್ ಗಾಡಿಗೆ ಕಾರ್ಬೊರೇಟರ್ ಪೈಪು ಹಾಕಿದರೆ ಹತ್ತು ಪಟ್ಟು ಒತ್ತಡಕ್ಕೆ ಅದು ತಾಳದು.

ಗ್ಯಾರೇಜಿಗೆ ಏನು ಬೇಕು? ಒಣ ಪುಡಿಯ 6 ಕಿಲೋ ಬೆಂಕಿ ಆರಿಸುವ ಸಿಲಿಂಡರಿಗೆ ಎರಡು-ಮೂರು ಸಾವಿರ ರೂಪಾಯಿ, ಲೋಹದ ಕ್ಯಾನ್, ನೈಟ್ರೈಲ್ ಕೈಗವಸು, ಎರಡು ಬಕೆಟ್ ಮರಳು. ಎಲ್ಲ ಸೇರಿ ಸುಮಾರು 5,000 ರೂಪಾಯಿ. ಲೀಟರಿಗೆ ನೂರು ದಾಟಿದ ಪೆಟ್ರೋಲಿನ ಲೆಕ್ಕದಲ್ಲಿ ಇದು ಆಲ್ಟೊದ ಒಂದೂವರೆ ಟಾಕಿಯೂ ಅಲ್ಲ. ಇನ್ನು ಸೋರುವ ಟಾಕಿಯ ವಿಷಯ: ಬೆಸುಗೆ ಹಾಕಿಸಬೇಡಿ, ಬದಲಾಯಿಸಿ.