ಮೊದಲ ಸಲ ಓಡುವವರ ಜೊತೆ 21 ಕಿಲೋಮೀಟರ್



ಮಳೆಗಾಲ ಮುಗಿದು ದೆಹಲಿಯ ಬೆಳಗು ಸ್ವಲ್ಪ ತಂಪಾಗುತ್ತಿದ್ದಂತೆ ಪಾರ್ಕುಗಳಲ್ಲಿ ಓಡುವವರ ಸಂಖ್ಯೆ ಇದ್ದಕ್ಕಿದ್ದಂತೆ ಏರುತ್ತದೆ. ಕಾರಣ, ದೆಹಲಿ ಹಾಫ್ ಮ್ಯಾರಥಾನ್. 2005ರಲ್ಲಿ ಶುರುವಾದ ಈ ಓಟದ ದೂರ 21.0975 ಕಿಲೋಮೀಟರ್, ಅಂದರೆ ಪೂರ್ತಿ ಮ್ಯಾರಥಾನಿನ ಸರಿಯಾಗಿ ಅರ್ಧ. ಪೀತಮ್‌ಪುರ, ರೋಹಿಣಿ ಕಡೆಯ ಕನ್ನಡಿಗರ ಮನೆಗಳಲ್ಲೂ "ಈ ಸಲ ನಾನೂ ಹೆಸರು ಕೊಡ್ತೀನಿ" ಅನ್ನುವವರು ಒಬ್ಬರಾದರೂ ಇರುತ್ತಾರೆ. ಹೆಸರು ಕೊಟ್ಟ ಮೇಲೆ ಅವರಿಗೆ ಸಣ್ಣಗೆ ಭಯ ಶುರುವಾಗುತ್ತದೆ. ಆಗ, ಹಿಂದೆ ಓಡಿ ಅನುಭವವಿರುವ ಅಣ್ಣನನ್ನೋ ಅತ್ತಿಗೆಯನ್ನೋ ಆಫೀಸಿನ ಗೆಳೆಯನನ್ನೋ ಹಿಡಿದು ಕೇಳುತ್ತಾರೆ: "ನೀವೂ ಜೊತೆಗೆ ಓಡ್ತೀರಾ?"

ಈ ಬರಹ ಆ ಪ್ರಶ್ನೆ ಕೇಳಿಸಿಕೊಂಡವರಿಗೆ. ಹೂಂ ಎನ್ನುವುದು ಸುಲಭ. ಆದರೆ ಜೊತೆಗೆ ಓಡುವುದೆಂದರೆ ಪಕ್ಕದಲ್ಲಿ ಕಾಲು ಹಾಕುವುದಷ್ಟೇ ಅಲ್ಲ.

ಜೊತೆಗಾರರ ಕೆಲಸವೇನು?

ಓಟದ ಚರಿತ್ರೆಯಲ್ಲಿ ಜೊತೆಗಾರರಿಗೆ ದೊಡ್ಡ ಸ್ಥಾನವಿದೆ. 1954ರ ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ ರೋಜರ್ ಬ್ಯಾನಿಸ್ಟರ್ ಒಂದು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಮುಗಿಸಿದಾಗ, ಮೊದಲು ಕ್ರಿಸ್ ಬ್ರಾಷರ್, ಆಮೇಲೆ ಕ್ರಿಸ್ ಚಾಟವೇ ಮುಂದೆ ಓಡಿ ವೇಗ ಹಿಡಿದುಕೊಟ್ಟಿದ್ದರು. 2019ರ ಅಕ್ಟೋಬರ್‌ನಲ್ಲಿ ವಿಯೆನ್ನಾದಲ್ಲಿ ಎಲಿಯುಡ್ ಕಿಪ್‌ಚೋಗೆ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದಾಗ, ಸರದಿಯ ಮೇಲೆ ಅವರ ಜೊತೆ ಓಡಿದವರು 41 ಮಂದಿ.

ಆದರೆ ಮೊದಲ ಸಲ ಓಡುವವರ ಜೊತೆಗಾರರಿಗೆ ಇನ್ನೂ ಹತ್ತಿರದ ಮಾದರಿ ನಮ್ಮ ಕರ್ನಾಟಕದಲ್ಲೇ ಇದೆ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ದೃಷ್ಟಿ ಇಲ್ಲದ ಓಟಗಾರ್ತಿ. 2018ರಲ್ಲಿ ಜಕಾರ್ತಾದಲ್ಲಿ, 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಗೇಮ್ಸ್‌ಗಳಲ್ಲಿ 1500 ಮೀಟರ್ ಓಟದ ಚಿನ್ನ ಗೆದ್ದವರು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಅವರ ಗೈಡ್ ಆಗಿ ಓಡಿದವರು ರಾಹುಲ್ ಬಾಲಕೃಷ್ಣ. ಇಂಥ ಓಟದಲ್ಲಿ ಇಬ್ಬರ ಕೈಗೂ ಒಂದು ಚಿಕ್ಕ ಪಟ್ಟಿ ಕಟ್ಟಿರುತ್ತದೆ. ನಿಯಮ ಬಹಳ ಕಟ್ಟುನಿಟ್ಟು: ಗೈಡ್ ಎಳೆಯುವಂತಿಲ್ಲ, ದೂಡುವಂತಿಲ್ಲ, ಗೆರೆಯನ್ನು ಅಥ್ಲೀಟ್‌ಗಿಂತ ಮೊದಲು ದಾಟುವಂತಿಲ್ಲ.

ನಮ್ಮ ನಿಮ್ಮ ಓಟದಲ್ಲಿ ಕೈಗೆ ಪಟ್ಟಿ ಇರುವುದಿಲ್ಲ ನಿಜ. ಆದರೆ ಆ ಮೂರು ಮಾತು ನಮಗೂ ಸಲ್ಲುತ್ತವೆ. ಓಟ ಅವರದು. ನೀವು ಅವರ ಗಡಿಯಾರ, ಅವರ ಬ್ರೇಕು, ಬೇಕಾದಾಗ ಅವರ ವಿವೇಕ.

ಒಪ್ಪಿಕೊಳ್ಳುವ ಮುನ್ನ

ಎರಡು ವಿಷಯ ನೀವೇ ಕೇಳಿಕೊಳ್ಳಿ. ಅವರ ವೇಗದಲ್ಲಿ 21 ಕಿಲೋಮೀಟರ್ ಉದ್ದಕ್ಕೂ ನೀವು ಆರಾಮವಾಗಿ ಮಾತಾಡುತ್ತಾ ಓಡಬಲ್ಲಿರಾ? ಆ ದಿನ ನಿಮ್ಮ ಸ್ವಂತ ಟೈಮಿಂಗ್ ಆಸೆಯನ್ನು ಪೂರ್ತಿ ಬಿಡಬಲ್ಲಿರಾ? ಎರಡರಲ್ಲಿ ಒಂದಕ್ಕೆ ಇಲ್ಲ ಎನಿಸಿದರೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ಹತ್ತನೇ ಕಿಲೋಮೀಟರಿನಲ್ಲಿ "ನಾನು ಸ್ವಲ್ಪ ಮುಂದೆ ಹೋಗ್ತೀನಿ" ಎಂದರೆ ಅವರ ಪಾಲಿಗೆ ಅದಕ್ಕಿಂತ ಕೆಟ್ಟ ಗಳಿಗೆ ಇಲ್ಲ.

ಇಬ್ಬರೂ ಬೇರೆ ಬೇರೆಯಾಗಿ ಹೆಸರು ನೋಂದಾಯಿಸಬೇಕು. ಒಬ್ಬರ ಬಿಬ್ ಇನ್ನೊಬ್ಬರು ಹಾಕಿಕೊಳ್ಳಬಾರದು. ಏನಾದರೂ ಹೆಚ್ಚುಕಮ್ಮಿಯಾದರೆ ವೈದ್ಯರು ನೋಡುವುದು ಆ ನಂಬರಿನ ಹಿಂದಿರುವ ಹೆಸರನ್ನು. ದೊಡ್ಡ ಓಟಗಳಲ್ಲಿ ಹಿಂದಿನ ಟೈಮಿಂಗ್ ನೋಡಿ ಸ್ಟಾರ್ಟ್ ಲೈನಿನ ವಿಭಾಗ ಕೊಡುತ್ತಾರೆ. ಮುಂದಿನ ವಿಭಾಗಕ್ಕೆ ಸಾಮಾನ್ಯವಾಗಿ ಬಿಡುವುದಿಲ್ಲವಾದ್ದರಿಂದ, ಹಿಂದಿನ ವಿಭಾಗಕ್ಕೆ ಇಳಿದು ನಿಲ್ಲಬೇಕಾದವರು ನೀವು.

ಇನ್ನೊಂದು ಮುಖ್ಯ ಮಾತು. ಅವರಿಗೆ ಬಿಪಿ, ಸಕ್ಕರೆ ಕಾಯಿಲೆ, ಎದೆನೋವಿನ ಇತಿಹಾಸ ಇದ್ದರೆ, ಅಥವಾ ನಲವತ್ತು ದಾಟಿ ಹೊಸದಾಗಿ ಓಡಲು ಶುರುಮಾಡಿದ್ದರೆ, ವೈದ್ಯರನ್ನು ಕಂಡು ಬರಲು ಹೇಳಿ. ಸಂಕೋಚ ಬೇಡ.

ಪೀತಮ್‌ಪುರದಲ್ಲಿ ಅಭ್ಯಾಸ

ಓಟಕ್ಕೆ ಮುನ್ನ ಕಡಿಮೆಯೆಂದರೆ ಎರಡು ಉದ್ದ ಓಟಗಳನ್ನಾದರೂ ಒಟ್ಟಿಗೆ ಓಡಿ. ನಿಮ್ಮ ಹೆಜ್ಜೆಗೆ ಒಗ್ಗದ ನಿಧಾನದಲ್ಲಿ ಎರಡೂವರೆ ಗಂಟೆ ಓಡುವುದು ನಿಮಗೂ ಹೊಸತು. ನಿಮ್ಮ ಕಾಲೂ ನೋಯಬಹುದು. ಪೀತಮ್‌ಪುರದವರಿಗೆ ರೋಹಿಣಿಯ ಸ್ವರ್ಣ ಜಯಂತಿ ಪಾರ್ಕ್, ಅಂದರೆ ಎಲ್ಲರ ಬಾಯಲ್ಲಿ ಜಪಾನೀಸ್ ಪಾರ್ಕ್, ಹತ್ತಿರದಲ್ಲೇ ಇದೆ. ವಾಹನಗಳ ಕಾಟವಿಲ್ಲದೆ ಸುತ್ತು ಹಾಕಬಹುದು. ಓಟಕ್ಕೆ ಎರಡು ಮೂರು ವಾರ ಮುಂಚೆ 16ರಿಂದ 18 ಕಿಲೋಮೀಟರಿನ ಒಂದು ಓಟ ಮುಗಿಸಿದ್ದರೆ ಉಳಿದದ್ದನ್ನು ಆ ದಿನದ ಉತ್ಸಾಹ ನೋಡಿಕೊಳ್ಳುತ್ತದೆ.

ಅಭ್ಯಾಸದಲ್ಲೇ ಓಟ-ನಡಿಗೆಯ ಲೆಕ್ಕ ಗೊತ್ತುಮಾಡಿಕೊಳ್ಳಿ. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ್ದ ಅಮೆರಿಕದ ಜೆಫ್ ಗ್ಯಾಲೋವೇ ಇದನ್ನು ಜನಪ್ರಿಯ ಮಾಡಿದವರು. ಸುಸ್ತಾದ ಮೇಲೆ ನಡೆಯುವುದಲ್ಲ, ಸುಸ್ತಾಗುವ ಮೊದಲೇ, ಮೊದಲ ಕಿಲೋಮೀಟರಿನಿಂದಲೇ ಗೊತ್ತಾದ ಅಂತರದಲ್ಲಿ ಸ್ವಲ್ಪ ನಡೆಯುವುದು. ಉದಾಹರಣೆಗೆ ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ನಡೆದರೆ ಮರ್ಯಾದೆ ಹೋಯಿತು ಎಂದು ಹೊಸಬರು ತಿಳಿಯುತ್ತಾರೆ. ನೀವು ಜೊತೆಗೆ ನಡೆದರೆ ಆ ಸಂಕೋಚ ತಾನಾಗಿ ಹೋಗುತ್ತದೆ.

ದೆಹಲಿಯ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. 2017ರಲ್ಲಿ ಈ ಓಟ ನವೆಂಬರ್ 19ಕ್ಕೆ ಇದ್ದಾಗ, ಹೊಗೆಮಂಜಿನ ಕಾರಣಕ್ಕೆ ಮುಂದೂಡಿ ಎಂದು ಭಾರತೀಯ ವೈದ್ಯಕೀಯ ಸಂಘ ಕೇಳಿಕೊಂಡಿತ್ತು. ಓಟ ನಡೆಯಿತು. 2022ರಿಂದ ಈಚೆಗೆ ಅದು ಅಕ್ಟೋಬರ್‌ನಲ್ಲಿ ನಡೆಯುತ್ತಿದೆ. ಅಭ್ಯಾಸದ ದಿನ ರೋಹಿಣಿ ಅಥವಾ ವಜೀರ್‌ಪುರ ಕೇಂದ್ರದ ವಾಯು ಗುಣಮಟ್ಟ ಸೂಚ್ಯಂಕ ನೋಡಿ. 200 ದಾಟಿದರೆ ಸರ್ಕಾರಿ ಲೆಕ್ಕದಲ್ಲೇ ಅದು "ಕಳಪೆ". ಅಂದು ಉದ್ದ ಓಟ ಬೇಡ. ಆಸ್ತಮಾ ಇದ್ದವರು ಇನ್ನೂ ಮೊದಲೇ ನಿಲ್ಲಿಸಬೇಕು.

ಹಿಂದಿನ ರಾತ್ರಿ, ಆ ಬೆಳಿಗ್ಗೆ

ಹಿಂದಿನ ರಾತ್ರಿ ಛೋಲೆ ಭಟೂರೆ ಬೇಡ. ನಮ್ಮ ಅನ್ನ ಸಾರು, ಮೊಸರನ್ನ ಇದಕ್ಕೆ ಹೇಳಿ ಮಾಡಿಸಿದ ಊಟ. ಬೆಳಿಗ್ಗೆ ಓಟಕ್ಕೆ ಎರಡು ಗಂಟೆ ಮುಂಚೆ ಬಾಳೆಹಣ್ಣು, ಬ್ರೆಡ್ಡು, ಅಭ್ಯಾಸವಿದ್ದರೆ ಸ್ವಲ್ಪ ಅವಲಕ್ಕಿ. ಹೊಸ ಶೂ, ಹೊಸ ಸಾಕ್ಸು, ಯಾರೋ ಕೊಟ್ಟ ಹೊಸ ಜೆಲ್ಲು ಯಾವುದೂ ಆ ದಿನ ಬೇಡ. ಉಜ್ಜುವ ಕಡೆಯೆಲ್ಲ ವ್ಯಾಸಲೀನ್ ಹಚ್ಚಿಕೊಳ್ಳಲು ನೆನಪಿಸಿ.

ಓಟ ಶುರುವಾಗುವುದು ಜವಾಹರಲಾಲ್ ನೆಹರು ಸ್ಟೇಡಿಯಂ ಕಡೆಯಿಂದ. ಪೀತಮ್‌ಪುರದಿಂದ ರೆಡ್ ಲೈನ್ ಹಿಡಿದು ಕಾಶ್ಮೀರಿ ಗೇಟ್, ಅಲ್ಲಿ ವಯಲೆಟ್ ಲೈನಿಗೆ ಬದಲಾಯಿಸಿದರೆ ಸ್ಟೇಡಿಯಂ ನಿಲ್ದಾಣ. ಭಾನುವಾರ ಮೆಟ್ರೋ ಎಷ್ಟು ಹೊತ್ತಿಗೆ ಶುರು ಎನ್ನುವುದನ್ನು ಮುಂಚಿತವಾಗಿ ನೋಡಿಕೊಳ್ಳಿ. ಹೊತ್ತು ಮೀರಿ ಓಡಿ ಬಂದು ಸ್ಟಾರ್ಟ್ ಲೈನಿನಲ್ಲಿ ಏದುಸಿರು ಬಿಡುವುದು ಬೇಡ.

ಮೊದಲ ಮೂರು: ತಡೆಯುವ ಕೆಲಸ

ಬ್ಯಾಂಡ್ ಬಾರಿಸುತ್ತಾರೆ, ಸಾವಿರಾರು ಜನ ಒಟ್ಟಿಗೆ ಹೊರಡುತ್ತಾರೆ. ಹೊಸಬರ ಕಾಲಿಗೆ ಚಕ್ರ ಕಟ್ಟಿದಂತಾಗುತ್ತದೆ. ಬಹುತೇಕ ಮೊದಲ ಓಟಗಳು ಕೆಡುವುದು ಇಲ್ಲೇ, ಕೆಟ್ಟಿದ್ದು ಗೊತ್ತಾಗುವುದು ಮಾತ್ರ ಹದಿನಾರನೆಯದರಲ್ಲಿ. "ಸ್ವಲ್ಪ ನಿಧಾನ ಹೋಗೋಣ ಕಣೋ" ಎಂದು ಹೇಳಬೇಕಾದವರು ನೀವು. ಅವರ ಪಕ್ಕದಲ್ಲಿ, ಬೇಕಿದ್ದರೆ ಅರ್ಧ ಹೆಜ್ಜೆ ಹಿಂದೆ ಓಡಿ. ನೀವು ಅರ್ಧ ಹೆಜ್ಜೆ ಮುಂದೆ ಹೋದರೂ ಅವರು ಗೊತ್ತಿಲ್ಲದೆ ವೇಗ ಏರಿಸುತ್ತಾರೆ.

ಲೆಕ್ಕ ಹೇಗೆ ಎಂದು ನೋಡೋಣ. ಎರಡೂವರೆ ಗಂಟೆಯ ಗುರಿ ಎಂದರೆ ಕಿಲೋಮೀಟರಿಗೆ ಸುಮಾರು 7 ನಿಮಿಷ 7 ಸೆಕೆಂಡು. ಮೊದಲ ಮೂರು ಕಿಲೋಮೀಟರನ್ನು 7 ನಿಮಿಷ 20 ಸೆಕೆಂಡಿನಂತೆ ಓಡಿದರೆ ಕಳೆದುಕೊಳ್ಳುವುದು ಬರೀ 40 ಸೆಕೆಂಡು. ಉಳಿದ ಹದಿನೆಂಟರಲ್ಲಿ ಒಂದೊಂದಕ್ಕೆ ಎರಡು ಮೂರು ಸೆಕೆಂಡು ಉಳಿಸಿದರೆ ಅದು ವಾಪಸ್ ಬಂತು. ಸಮವಾಗಿ ಓಡಿದರೆ 5 ಕಿಲೋಮೀಟರಿಗೆ ಮೂವತ್ತೈದೂವರೆ ನಿಮಿಷ, 10ಕ್ಕೆ 1 ಗಂಟೆ 11 ನಿಮಿಷ, 15ಕ್ಕೆ 1 ಗಂಟೆ ನಲವತ್ತಾರೂವರೆ ನಿಮಿಷ, 20ಕ್ಕೆ 2 ಗಂಟೆ 22 ನಿಮಿಷ. ಇದನ್ನು ಅಂಗೈ ಹಿಂದೆ ಪೆನ್ನಿನಲ್ಲಿ ಬರೆದುಕೊಳ್ಳಿ. ಹೊಸಬರು ಗಡಿಯಾರ ನೋಡುವುದೇ ಬೇಡ.

ಬೇರೆಯವರ ವೇಗ ನೋಡಿ ಅವರು ಎದೆಗುಂದಿದರೆ ಒಂದು ತಮಾಷೆಯ ಮಾತು ಹೇಳಿ. 2020ರಲ್ಲಿ ಇಥಿಯೋಪಿಯಾದ ಅಮ್ದೆವರ್ಕ್ ವಲೆಲೆಗ್ನ್ ದೆಹಲಿಯ ಈ ಓಟವನ್ನು 58 ನಿಮಿಷ 53 ಸೆಕೆಂಡಿನಲ್ಲಿ ಮುಗಿಸಿದರು. ಅಷ್ಟು ಹೊತ್ತಿಗೆ ನೀವಿಬ್ಬರೂ ಎಂಟನೇ ಕಿಲೋಮೀಟರಿನ ಆಚೆ ಈಚೆ ಇರುತ್ತೀರಿ. ಹಾಗಿರುವಾಗ ಪಕ್ಕದವರು ಹಿಂದಿಕ್ಕಿದರೆ ಏನಂತೆ?

ನಡುವಿನ ದೂರ: ಮಾತು ಮತ್ತು ನೀರು

ರೇಡಿಯೋದವರು ಹೀಗೆ ಹೇಳಬಾರದೇನೋ, ಆದರೂ ಹೇಳುತ್ತೇವೆ: ಇಯರ್‌ಫೋನ್ ಮನೆಯಲ್ಲೇ ಬಿಡಿ. ಅವರ ಮಾತೇ ನಿಮ್ಮ ಅಳತೆಗೋಲು. ಪೂರ್ತಿ ವಾಕ್ಯ ಹೇಳುತ್ತಿದ್ದರೆ ವೇಗ ಸರಿಯಾಗಿದೆ. ಎರಡೆರಡೇ ಪದಕ್ಕೆ ಇಳಿದರೆ ನಿಧಾನಿಸಿ. ಊರಿನ ವಿಷಯ, ಸಿನಿಮಾ, ಅಡುಗೆ ಏನು ಬೇಕಾದರೂ ಮಾತಾಡಿ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ಹದಿಮೂರನೆಯದಾದ ಮೇಲೆ ಉತ್ತರ ಬೇಕಾಗುವ ಪ್ರಶ್ನೆ ಕೇಳಬೇಡಿ.

ನೀರಿನ ಮೇಜಿನ ಹತ್ತಿರ ನೀವು ಎರಡು ಹೆಜ್ಜೆ ಮುಂದೆ ಹೋಗಿ ಇಬ್ಬರಿಗೂ ತನ್ನಿ. ಆದರೆ "ಕುಡಿ, ಕುಡಿ" ಎಂದು ಒತ್ತಾಯ ಬೇಡ. ಬಾಯಾರಿದಷ್ಟು ಸಾಕು. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇಕಡಾ 13ರಷ್ಟು ಜನರಲ್ಲಿ ಸೋಡಿಯಂ ಕಡಿಮೆಯಾಗಿತ್ತು. ಅತಿಯಾಗಿ ಕುಡಿದು ತೂಕ ಹೆಚ್ಚಿದ್ದವರಲ್ಲಿ, ನಿಧಾನವಾಗಿ ಓಡಿದವರಲ್ಲಿ ಇದು ಹೆಚ್ಚು. ಬರೀ ನೀರಿನ ಬದಲು ಅಲ್ಲಲ್ಲಿ ಓಆರ್‌ಎಸ್, ಜೊತೆಗೆ ಒಂದೆರಡು ಖರ್ಜೂರ ಇರಲಿ.

ಹದಿನೈದು ದಾಟಿದ ಮೇಲೆ

ಈಗ ನಿಮ್ಮ ಕೆಲಸ ತಿರುವುಮುರುವು. ಇಷ್ಟು ಹೊತ್ತು ತಡೆದಿರಿ, ಇನ್ನು ಹೊರಡಿಸಬೇಕು. "ಇನ್ನೇನು ಬಂದೇಬಿಡ್ತು" ಎಂಬ ಸುಳ್ಳು ಬೇಡ. ಆರು ಕಿಲೋಮೀಟರ್ ಉಳಿದಿರುವುದು ಅವರಿಗೂ ಗೊತ್ತು. ಪೀತಮ್‌ಪುರದಲ್ಲಿ ಮೆಟ್ರೋ ಹತ್ತಿದ ಕೂಡಲೇ ಕಾಶ್ಮೀರಿ ಗೇಟಿಗೆ ಹತ್ತು ನಿಲ್ದಾಣ ಇದೆಯಲ್ಲಪ್ಪ ಎಂದು ಎಣಿಸುತ್ತಾ ಕೂತರೆ ದಾರಿ ಸಾಗುವುದಿಲ್ಲ. ಮುಂದಿನದು ಕೋಹಾಟ್ ಎನ್‌ಕ್ಲೇವ್, ಅಷ್ಟೇ. ಹಾಗೆಯೇ "ಆ ಕಂಬದ ತನಕ ಓಡೋಣ, ಆಮೇಲೆ ಮೂವತ್ತು ಹೆಜ್ಜೆ ನಡೆಯೋಣ" ಎನ್ನಿ. ಸಣ್ಣ ಮಾತು ಕೊಡಿ, ಕೊಟ್ಟ ಮಾತು ಉಳಿಸಿಕೊಳ್ಳಿ. ನಡೆಯೋಣ ಎಂದ ಕಡೆ ನಡೆಯಲೇಬೇಕು, ಇಲ್ಲದಿದ್ದರೆ ಮುಂದಿನ ಸಲ ನಂಬುವುದಿಲ್ಲ.

ಅವರು ಸಿಡುಕಬಹುದು, ಅಳಬಹುದು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನಿಲ್ಲಿಸಬೇಕಾದ ಹೊತ್ತು

ಜೊತೆಗಾರರು ನಿಜವಾಗಿ ಬೇಕಾಗುವುದು ಇಲ್ಲಿ. ಕಾಲುನೋವು, ಸುಸ್ತು, ಬೇಸರ ಇವೆಲ್ಲ ಸಹಜ. ಎದೆ ಅಥವಾ ದವಡೆ, ಎಡಗೈ ನೋವು, ಹಿಡಿತಕ್ಕೆ ಸಿಗದ ಉಸಿರು, ಕಣ್ಣು ಕತ್ತಲೆ, ಅಡ್ಡಾದಿಡ್ಡಿ ಹೆಜ್ಜೆ, ತೊದಲುವ ಮಾತು ಸಹಜವಲ್ಲ. ಅನುಮಾನ ಬಂದರೆ ಸುಲಭದ ಪ್ರಶ್ನೆ ಕೇಳಿ: ಫ್ಲ್ಯಾಟ್ ನಂಬರ್ ಎಷ್ಟು, ಮಗಳ ಹುಟ್ಟುಹಬ್ಬ ಯಾವಾಗ? ತಡವರಿಸಿದರೆ ಓಟ ಅಲ್ಲಿಗೆ ಮುಗಿಯಿತು. ಬಿಸಿಲಿನ ಹೊಡೆತ ತಿಂದವರಿಗೆ ತಮಗೆ ಏನಾಗುತ್ತಿದೆ ಎಂದು ತಿಳಿಯುವುದಿಲ್ಲ, "ನಾನು ಚೆನ್ನಾಗಿದೀನಿ" ಎನ್ನುತ್ತಲೇ ಬೀಳುತ್ತಾರೆ. ಮೈ ಬೆವರುತ್ತಿದ್ದರೂ ಇದು ಆಗಬಹುದು.

ತಕ್ಷಣ ವೈದ್ಯಕೀಯ ಸಿಬ್ಬಂದಿಯನ್ನು ಕೂಗಿ, 112ಕ್ಕೆ ಫೋನ್ ಮಾಡಿ. ಅವರು ಬರುವ ತನಕ ನೆರಳಿಗೆ ತಂದು, ತಣ್ಣೀರು ಸುರಿದು, ಐಸ್ ಇಟ್ಟು, ಗಾಳಿ ಹಾಕಿ. ಮೊದಲು ತಂಪು, ಆಮೇಲೆ ಆಸ್ಪತ್ರೆ, ಇದು ವೈದ್ಯರೇ ಒಪ್ಪುವ ಕ್ರಮ. ಬಿದ್ದವರು ಮಾತಿಗೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಎದೆಯ ನಡುವೆ ಎರಡೂ ಕೈಯಿಟ್ಟು ನಿಮಿಷಕ್ಕೆ 100ರಿಂದ 120 ಬಾರಿ ಗಟ್ಟಿಯಾಗಿ ಒತ್ತಬೇಕು. ಇದನ್ನು ಓಟಕ್ಕೆ ಮೊದಲೇ ಎಲ್ಲಾದರೂ ಕಲಿತುಕೊಳ್ಳಿ.

ಆದ್ದರಿಂದ ಹಿಂದಿನ ದಿನವೇ ಒಂದು ಒಪ್ಪಂದ ಆಗಿರಲಿ: "ನಾನು ನಿಲ್ಲು ಅಂದರೆ ನಿಲ್ಲಬೇಕು, ವಾದ ಇಲ್ಲ." ಆರು ತಿಂಗಳು ಅಭ್ಯಾಸ ಮಾಡಿದವರನ್ನು ಹತ್ತೊಂಬತ್ತನೇ ಕಿಲೋಮೀಟರಿನಲ್ಲಿ ನಿಲ್ಲಿಸುವುದು ಕಷ್ಟ. ಅವರು ವಾರಗಟ್ಟಲೆ ಮುಖ ಕೊಟ್ಟು ಮಾತಾಡದೆ ಇರಬಹುದು. ಇರಲಿ ಬಿಡಿ. ಮುಂದಿನ ಅಕ್ಟೋಬರ್ ಬಂದೇ ಬರುತ್ತದೆ.

ಗೆರೆಯ ಹತ್ತಿರ

ಎಲ್ಲ ಸರಿಯಾಗಿದ್ದರೆ ಕೊನೆಯ ಇನ್ನೂರು ಮೀಟರಿನಲ್ಲಿ ಅರ್ಧ ಹೆಜ್ಜೆ ಹಿಂದೆ ಸರಿಯಿರಿ. ಅವರು ಓಡಲಿ, ಕೈ ಎತ್ತಲಿ, ಫೋಟೋದಲ್ಲಿ ಅವರೊಬ್ಬರೇ ಬರಲಿ. ದಾಟಿದ ಕೂಡಲೇ ಕೂರಲು ಬಿಡಬೇಡಿ. ಹತ್ತು ನಿಮಿಷ ನಡೆಸಿ, ಒಣ ಬಟ್ಟೆ ಹಾಕಿಸಿ, ತಿನ್ನಲು ಏನಾದರೂ ಕೊಡಿ.

ನಿಮ್ಮ ಹೆಸರಿನ ಮುಂದೆ ಆ ದಿನ ನಿಮ್ಮ ಅತ್ಯಂತ ನಿಧಾನದ ಟೈಮಿಂಗ್ ದಾಖಲಾಗಿರುತ್ತದೆ. ಓಟ ಚೆನ್ನಾಗಿ ಆಯಿತೇ ಎನ್ನುವುದು ಅದರಿಂದ ತಿಳಿಯುವುದಿಲ್ಲ. ನಾಲ್ಕು ದಿನ ಬಿಟ್ಟು, ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಳ್ಳುವುದು ನಿಂತ ಮೇಲೆ, ಅವರೇ ಫೋನ್ ಮಾಡಿ "ಭಾನುವಾರ ಪಾರ್ಕಿಗೆ ಬರ್ತೀರಾ?" ಎಂದು ಕೇಳಿದರೆ ತಿಳಿಯುತ್ತದೆ.