‘ರೀಸ್ಟಾರ್ಟ್’ ಇಂಗ್ಲಿಷಿನದು, ‘ಮಾಡಿಸು’ ಕನ್ನಡದ್ದು

ಪೀಣ್ಯದ ಕಾರ್ಖಾನೆಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ಕೇಳಿಬರುವ ಕನ್ನಡದಲ್ಲಿ ಇಂಗ್ಲಿಷ್ ಪದಗಳೇ ಹೆಚ್ಚು ಎಂಬ ಆಕ್ಷೇಪ ಹಳೆಯದು. ಆದರೆ ಆ ಪದಗಳನ್ನು ಕೂಡಿಸುವ ವ್ಯಾಕರಣ ಯಾವುದೆಂದು ಕೇಳುವವರು ಕಡಿಮೆ.

ಯಂತ್ರ ತಾನಾಗಿಯೇ ಮತ್ತೆ ಚಾಲನೆಗೊಂಡರೂ, ಯಾರಾದರೂ ಚಾಲನೆ ನೀಡಿದರೂ ಇಂಗ್ಲಿಷಿನಲ್ಲಿ ‘ರೀಸ್ಟಾರ್ಟ್’ ಒಂದೇ ಕ್ರಿಯಾಪದ. ಕನ್ನಡಿಗರ ಬಾಯಲ್ಲಿ ಅದು ‘ರೀಸ್ಟಾರ್ಟ್ ಆಯಿತು’, ‘ರೀಸ್ಟಾರ್ಟ್ ಮಾಡಿದೆ’, ‘ರೀಸ್ಟಾರ್ಟ್ ಮಾಡಿಸಿದೆ’ ಎಂದು ಮೂರಾಗುತ್ತದೆ. ತಾನಾಗಿ ಆದದ್ದು, ನಾನು ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು ಎಂಬ ಭೇದವನ್ನು ಕನ್ನಡ ಬಿಟ್ಟುಕೊಟ್ಟಿಲ್ಲ. ಕಾಲ, ಪುರುಷ, ಪ್ರೇರಣೆಗಳ ಹೊಣೆಯೆಲ್ಲ ಕನ್ನಡ ಧಾತುವಿನದೇ.

ಪ್ರೇರಣಾರ್ಥಕ ‘ಇಸು’ ಪ್ರತ್ಯಯ ವಿದೇಶಿ ವಿದ್ವಾಂಸರನ್ನೂ ಸೆಳೆದಿದೆ. ಜೆಫ್ರಿ ಲಿಡ್ಜ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ವರ್ಷದ ಕನ್ನಡ ಮಕ್ಕಳು ಕ್ರಿಯಾಪದದ ಅರ್ಥ ಗ್ರಹಿಸಲು ‘ಇಸು’ವಿಗಿಂತ ವಾಕ್ಯದಲ್ಲಿರುವ ನಾಮಪದಗಳ ಸಂಖ್ಯೆಯನ್ನೇ ನೆಚ್ಚಿದ್ದರು.

ಇದೇ ರೂಪದ ಪ್ರತ್ಯಯ ಸಂಸ್ಕೃತ ಪದದಿಂದ ‘ಪ್ರಾರಂಭಿಸು’, ಫಾರ್ಸಿ ಪದದಿಂದ ‘ಖರೀದಿಸು’ ಎಂಬ ಕ್ರಿಯಾಪದಗಳನ್ನು ಕಟ್ಟಿಕೊಟ್ಟಿದೆ. ಇಂಗ್ಲಿಷ್ ಪದಗಳಿಗೆ ಮಾತ್ರ ಅದು ಸುಲಭವಾಗಿ ಹತ್ತದು. ‘ಗೂಗಲಿಸು’ ಬರಹದ ಚೇಷ್ಟೆಯಾಗಿಯೇ ಉಳಿದಿದೆ. ವೈಟ್‌ಫೀಲ್ಡ್‌ನ ಆಡುಮಾತಿಗೆ ‘ಗೂಗಲ್ ಮಾಡು’ ಎಂಬುದೇ ರೂಢಿ. ಫಾರ್ಸಿಗೆ ಒಗ್ಗಿದ ಪ್ರತ್ಯಯ ಇಂಗ್ಲಿಷಿಗೇಕೆ ಒಗ್ಗದು ಎಂಬುದು ನಮ್ಮ ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ಒಳ್ಳೆಯ ವಿಷಯವಾದೀತು.